ಹತ್ತಿಸಿ ಇಳಿಸುವ ಹೊತ್ತು ಯಾವ ಲೆಕ್ಕಕ್ಕೆ?

ಮಾನ್ಯ ಸಂಪಾದಕರೇ,

ಹಿರಿಯ ನಾಗರಿಕರ ವಸತಿ ಸಮುಚ್ಚಯಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಲೇಖನಗಳು ಪ್ರಕಟವಾಗುತ್ತವೆ. ಕೋಣೆಗಳ ವಿನ್ಯಾಸ, ಕೈತೋಟ, ರಾತ್ರಿಪಾಳಿಯ ದಾದಿ, ಮೊದಲೇ ಕಟ್ಟಬೇಕಾದ ಠೇವಣಿ ಎಲ್ಲವೂ ಅವುಗಳಲ್ಲಿ ಚರ್ಚೆಯಾಗುತ್ತವೆ. ಅಲ್ಲಿ ವಾಸಿಸುವವರು ಗೇಟು ದಾಟಿ ಹೊರಗೆ ಹೋಗಿ ಕ್ಷೇಮವಾಗಿ ಮರಳುವುದು ಹೇಗೆ ಎಂಬ ಪ್ರಶ್ನೆ ಮಾತ್ರ ‘ವಾಹನ ಸೌಕರ್ಯವಿದೆ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಆ ಎರಡು ಪದಗಳೊಳಗೆ 11 ವರ್ಷಗಳಿಂದ ದುಡಿಯುತ್ತಿರುವ ಚಾಲಕ ನಾನು. ಅದಕ್ಕೂ ಮೊದಲು ಸರಕು ಸಾಗಿಸುವ ಲಾರಿ ಓಡಿಸುತ್ತಿದ್ದೆ. ಲಾರಿಯ ಕೆಲಸದಲ್ಲಿ ಗಾಡಿ ಓಡಿದರೆ ದುಡಿಮೆ, ನಿಂತರೆ ನಷ್ಟ. ಇಲ್ಲಿಗೆ ಬಂದ ಮೇಲೆ ಅದು ತಿರುವುಮುರುವಾಯಿತು: ನನ್ನ ಕೆಲಸದ ಕಷ್ಟದ ಭಾಗವೆಲ್ಲ ಈಗ ಗಾಡಿ ನಿಂತಿರುವಾಗಲೇ ನಡೆಯುತ್ತದೆ. ಆದರೆ ಆ ಕೆಲಸವನ್ನು ಅಳೆಯುವವರು ಇಂದಿಗೂ ಲಾರಿಯ ಲೆಕ್ಕದಲ್ಲೇ, ಅಂದರೆ ಕಿಲೋಮೀಟರು ಮತ್ತು ಟ್ರಿಪ್ಪುಗಳ ಲೆಕ್ಕದಲ್ಲೇ ಅಳೆಯುತ್ತಾರೆ. ಈ ಪತ್ರ ಬರೆಯಲು ಅದೇ ಕಾರಣ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ನಮ್ಮಲ್ಲಿ ಗಣಿತ ಕಲಿಸಿ ನಿವೃತ್ತರಾದ ಅಧ್ಯಾಪಕಿಯೊಬ್ಬರಿದ್ದಾರೆ. ನಮಗೆಲ್ಲ ಅವರು ಟೀಚರಮ್ಮ. ಎರಡೂ ಮಂಡಿಗಳು ಸವೆದಿರುವುದರಿಂದ ವಾಕರ್ ಇಲ್ಲದೆ ನಡೆಯಲಾರರು. ಅವರು ಕಾರು ಹತ್ತುವ ಕ್ರಮ ಹೀಗಿದೆ. ಬಾಗಿಲ ಬಳಿ ಬಂದು, ಕಾರಿಗೆ ಬೆನ್ನು ಮಾಡಿ, ಸೀಟಿನ ಅಂಚು ಕಾಲಿನ ಹಿಂಬದಿಗೆ ತಾಕುವವರೆಗೆ ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಹಿಂದೆ ಸರಿಯಬೇಕು. ಆಮೇಲೆ ಒಂದು ಕೈಯನ್ನು ಸೀಟಿನ ಮೇಲೆ, ಇನ್ನೊಂದನ್ನು ಬಾಗಿಲ ಚೌಕಟ್ಟಿನ ಮೇಲೆ ಊರಬೇಕು. ಬಾಗಿಲನ್ನೇ ಹಿಡಿಯಬಾರದು, ಅದು ಅಲುಗಾಡುತ್ತದೆ. ವಾಕರಿನ ಮೇಲೆ ಭಾರ ಬಿಟ್ಟು ಕೂರಲೂಬಾರದು, ಅದು ಮಗುಚುತ್ತದೆ. ತಲೆ ತಗ್ಗಿಸಿ ಮೊದಲು ಕುಳಿತು, ಕಾಲುಗಳನ್ನು ಆಮೇಲೆ ಒಂದೊಂದಾಗಿ ಒಳಗೆ ತೆಗೆದುಕೊಳ್ಳಬೇಕು. ಸೀಟಿನ ಮೇಲೆ ನುಣುಪಾದ ಬಟ್ಟೆಯೊಂದನ್ನು ಹಾಸಿರುತ್ತೇನೆ. ಅದರ ಮೇಲೆ ಮೈ ತಿರುಗಿಸುವುದು ಸುಲಭವಾಗುತ್ತದೆ, ಸರಿಯಾಗಿ ಕುಳಿತ ಮೇಲೆ ಅದನ್ನು ಎಳೆದು ತೆಗೆಯುತ್ತೇನೆ. ಇಷ್ಟು ಹೊತ್ತೂ ನಾನು ಅವರ ಕೈ ಹಿಡಿದು ಎಳೆಯುವುದಿಲ್ಲ. ಮುಂಗೈಯನ್ನು ಗಟ್ಟಿಯಾಗಿ ಚಾಚಿಕೊಂಡು ಪಕ್ಕದಲ್ಲಿ ನಿಂತಿರುತ್ತೇನೆ. ಬೇಕೆನಿಸಿದಾಗ ಅವರೇ ಹಿಡಿಯುತ್ತಾರೆ. ಎಳೆದರೆ ಭುಜದ ಕೀಲಿಗೆ ಪೆಟ್ಟು, ಅದಕ್ಕಿಂತ ಹೆಚ್ಚಾಗಿ ಅವರ ಮರ್ಯಾದೆಗೆ ಪೆಟ್ಟು.

ಇದಕ್ಕೆ ಸುಮಾರು 7 ನಿಮಿಷ ಹಿಡಿಯುತ್ತದೆ. ಇಳಿಯುವಾಗ ಇನ್ನೂ ಒಂದೆರಡು ನಿಮಿಷ ಹೆಚ್ಚು. ಆಸ್ಪತ್ರೆಗೆ ಹೋಗಿಬರುವುದೆಂದರೆ ಎರಡು ಸಲ ಹತ್ತಬೇಕು, ಎರಡು ಸಲ ಇಳಿಯಬೇಕು. ಒಮ್ಮೆ ಟೀಚರಮ್ಮನವರೇ ಹಿಂದಿನ ಸೀಟಿನಲ್ಲಿ ಕುಳಿತು ಲೆಕ್ಕ ಹಾಕಿದರು: “ನೋಡಪ್ಪ, ದಾರಿ ಹೋಗಿಬರಲು ಇಪ್ಪತ್ತು ನಿಮಿಷ, ನನ್ನನ್ನು ಹತ್ತಿಸಿ ಇಳಿಸಲು ಮೂವತ್ತು ನಿಮಿಷ. ಐದರಲ್ಲಿ ಮೂರು ಪಾಲು ನಿಂತ ಗಾಡಿಯಲ್ಲೇ ಆಯಿತಲ್ಲ!” ಆ ಐದರಲ್ಲಿ ಮೂರು ಪಾಲಿಗೆ ನನ್ನ ಟ್ರಿಪ್ ಶೀಟಿನಲ್ಲಿ ಜಾಗವಿಲ್ಲ. ಅದರಲ್ಲಿರುವುದು ಹೊರಟ ಸಮಯ, ತಲುಪಿದ ಸಮಯ, ಮೀಟರಿನ ಅಂಕಿ, ಸಹಿ. ಹತ್ತಿಸುವುದು, ಇಳಿಸುವುದು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಟೀಚರಮ್ಮನವರನ್ನು ಬಿಟ್ಟು 10 ನಿಮಿಷದೊಳಗೆ ಮುಂದಿನವರನ್ನು ಕರೆದುಕೊಳ್ಳಬೇಕೆಂದು ವೇಳಾಪಟ್ಟಿ ಬರೆಯುವವರಿಗೆ ಆ ಹೊತ್ತು ಕಣ್ಣಿಗೇ ಬೀಳುವುದಿಲ್ಲ.

ಕಣ್ಣಿಗೆ ಬೀಳದ ಆ ಹೊತ್ತನ್ನು ಎಲ್ಲಿಂದಲಾದರೂ ಕದಿಯಲೇಬೇಕಾಗುತ್ತದೆ. ಕೆಲವು ಚಾಲಕರು ರಸ್ತೆಯಲ್ಲಿ ವೇಗ ಹೆಚ್ಚಿಸಿ ಕದಿಯುತ್ತಾರೆ, ಕೆಲವರು ಬಾಗಿಲ ಬಳಿ ಅವಸರಪಡಿಸಿ ಕದಿಯುತ್ತಾರೆ. ನಾನೂ ಎರಡನೆಯದನ್ನು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಬೆನ್ನಿಗೆ ಬೆನ್ನಿಗೆ ಮೂರು ಟ್ರಿಪ್ಪುಗಳಿದ್ದ ಒಂದು ಮಧ್ಯಾಹ್ನ, ಒಂದು ಗಂಟೆ ಕುಳಿತೇ ಬಂದಿದ್ದ ಹಿರಿಯರೊಬ್ಬರಿಗೆ “ಬೇಗ ಬನ್ನಿ ಸರ್, ಹಿಂದೆ ಗಾಡಿ ಕಾಯುತ್ತಿದೆ” ಎಂದೆ. ಅವರು ನನ್ನ ಮಾತಿಗೆ ಓಗೊಟ್ಟು ತಟ್ಟನೆ ಎದ್ದು ನಿಂತರು, ಎರಡು ಹೆಜ್ಜೆ ಇಟ್ಟರು, ಮುಖ ಬಿಳುಚಿಕೊಂಡು ಹಿಂದಕ್ಕೆ ವಾಲಿದರು. ನನ್ನ ಭುಜ ಅಡ್ಡ ಬಂದದ್ದರಿಂದ ನೆಲಕ್ಕೆ ಬೀಳಲಿಲ್ಲ. ಕುಳಿತವರು ಎದ್ದು ನಿಂತ 3 ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನ ಅಂಕಿ 10ರಷ್ಟು ಕುಸಿದರೆ ವೈದ್ಯರು ಅದನ್ನೊಂದು ತೊಂದರೆ ಎಂದೇ ಗುರುತಿಸುತ್ತಾರೆ, ವಯಸ್ಸಾದವರಲ್ಲಿ, ಅದರಲ್ಲೂ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಸಾಮಾನ್ಯ ಎಂದು ಅವರನ್ನು ನೋಡಿದ ದಾದಿ ಆಮೇಲೆ ನನಗೆ ವಿವರಿಸಿದರು. ಸಂಸ್ಥೆ ನನಗೆ ಕೆಲಸ ಕೊಟ್ಟ ದಿನ ಈ ಒಂದು ಸಂಗತಿಯನ್ನು ಹೇಳಿದ್ದರೆ ಆ ಮಧ್ಯಾಹ್ನ ಬರುತ್ತಲೇ ಇರಲಿಲ್ಲ. ಅಂದಿನಿಂದ ಬಾಗಿಲು ತೆರೆದ ಮೇಲೆ, ಅವರ ಕಾಲುಗಳೆರಡೂ ನೆಲಕ್ಕೆ ತಾಗಿದ ಮೇಲೆ, ಸುಮ್ಮನೆ ಏನಾದರೊಂದು ಮಾತು ತೆಗೆದು ಸ್ವಲ್ಪ ಹೊತ್ತು ಕೂರಿಸುತ್ತೇನೆ. ನಾನು ವಾಚಾಳಿ ಎಂದು ಕೆಲವರು ತಿಳಿದಿದ್ದಾರೆ, ತಿಳಿದುಕೊಳ್ಳಲಿ.

ಉದ್ದೇಶವಿಲ್ಲದೆ ಆಗುವ ಗಾಯಗಳಿಂದ ಸಂಭವಿಸುವ ಸಾವುಗಳಿಗೆ ಜಗತ್ತಿನಲ್ಲಿ ರಸ್ತೆ ಅಪಘಾತ ಮೊದಲ ಕಾರಣ, ಬೀಳುವುದು ಎರಡನೆಯ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಎರಡೂ ಒಂದೇ ಬಾಗಿಲಲ್ಲಿ ಎದುರಾಗುವ ಕೆಲಸ ನನ್ನದು. ಮೊದಲನೆಯದಕ್ಕಾಗಿ ನನ್ನ ಬಳಿ ಪರವಾನಗಿ ಕೇಳಿದರು, ಓಡಿಸಿ ತೋರಿಸು ಎಂದರು, ಕಣ್ಣಿನ ಪರೀಕ್ಷೆ ಮಾಡಿಸಿದರು. ಎರಡನೆಯದಕ್ಕಾಗಿ ಯಾರೂ ಏನನ್ನೂ ಕೇಳಲಿಲ್ಲ.

ಡಯಾಲಿಸಿಸ್‌ಗೆ ಹೋಗುವವರ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ನಮ್ಮ ವಾಹನದ ಖಾಯಂ ಪ್ರಯಾಣಿಕರು ಅವರೇ. ಸಾಮಾನ್ಯವಾಗಿ ವಾರಕ್ಕೆ 3 ದಿನ, ಒಂದೊಂದು ಸಲ ಸುಮಾರು 4 ಗಂಟೆ ಯಂತ್ರದ ಪಕ್ಕದಲ್ಲಿ ಕಳೆಯಬೇಕಾದವರು ಅವರು. ಬೆಳಗ್ಗೆ ನಾನು ಕರೆದೊಯ್ಯುವ ವ್ಯಕ್ತಿಯೇ ಬೇರೆ, ಮಧ್ಯಾಹ್ನ ಮರಳಿ ಕರೆತರುವ ವ್ಯಕ್ತಿಯೇ ಬೇರೆ ಎನ್ನಿಸುವಷ್ಟು ವ್ಯತ್ಯಾಸವಿರುತ್ತದೆ. ಹೋಗುವಾಗ ರಸ್ತೆಯ ಗುಂಡಿಗಳ ಬಗ್ಗೆ ನನ್ನೊಡನೆ ವಾದ ಮಾಡಿದವರು, ಬರುವಾಗ ಕಣ್ಣು ಮುಚ್ಚಿ ಕಿಟಕಿಗೆ ಒರಗಿರುತ್ತಾರೆ. ಒತ್ತಡ ಕುಸಿದಿರುತ್ತದೆ, ಕಾಲಿನಲ್ಲಿ ಸೆಳೆತವಿರುತ್ತದೆ. ಹಲವರ ತೋಳಿನಲ್ಲಿ ಡಯಾಲಿಸಿಸ್‌ಗೆಂದೇ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಇರುತ್ತದೆ. ಆ ತೋಳನ್ನು ಬಿಗಿಯಾಗಿ ಹಿಡಿಯಬಾರದು, ಅದರ ಮೇಲೆ ಚೀಲ ನೇತುಹಾಕಬಾರದು. ಸಹಾಯ ಮಾಡುವ ಆತುರದಲ್ಲಿ ಮನುಷ್ಯರ ಕೈ ಮೊದಲು ಹೋಗುವುದೇ ತೋಳಿಗೆ. ಯಾವ ತೋಳು ಎಂದು ಕೇಳಿ ತಿಳಿದುಕೊಂಡು, ಅದರ ವಿರುದ್ಧ ಬದಿಯಲ್ಲಿ ನಿಲ್ಲುವುದನ್ನು ನಾನು ಆ ರೋಗಿಯೊಬ್ಬರಿಂದಲೇ ಕಲಿತೆ. ಕಾಗದದ ಮೇಲೆ ಹೋಗುವುದೂ ಬರುವುದೂ ಒಂದೇ ದೂರ, ಹಾಗಾಗಿ ಒಂದೇ ಅವಧಿ ಎಂದು ಬರೆದಿದ್ದಾರೆ. ಆ 4 ಗಂಟೆ ನಾನು ಎಲ್ಲಿ ಕುಳಿತಿರಬೇಕು, ಅದು ಕೆಲಸದ ಹೊತ್ತೋ ಬಿಡುವೋ ಎಂಬುದಂತೂ ಬರೆದೇ ಇಲ್ಲ.

ಗಾಲಿಕುರ್ಚಿಯ ವಿಷಯದಲ್ಲಿ ನಡೆಯುವ ಅಜ್ಞಾನ ಇದಕ್ಕಿಂತ ಅಪಾಯಕಾರಿ. ಕುರ್ಚಿಯ ಬ್ರೇಕ್ ಹಾಕಿದರೆ ಸಾಕು ಎಂದು ನಂಬಿದವರು ಬಹಳ ಮಂದಿ, ಮೊದಲ ಆರು ತಿಂಗಳು ನಾನೂ ಅದೇ ಗುಂಪಿನಲ್ಲಿದ್ದೆ. ಆ ಬ್ರೇಕು ಕುರ್ಚಿ ನಿಂತಿರುವಾಗ ಉರುಳದಂತೆ ತಡೆಯುತ್ತದೆಯೇ ಹೊರತು, ಓಡುವ ಗಾಡಿ ಥಟ್ಟನೆ ನಿಂತಾಗ ಅದನ್ನು ಹಿಡಿದಿಡಲಾರದು. ಕುರ್ಚಿ ಮುಂದಕ್ಕೆ ಮುಖ ಮಾಡಿರಬೇಕು. ಮುಂದೆ ಎರಡು, ಹಿಂದೆ ಎರಡು, ಒಟ್ಟು 4 ಪಟ್ಟಿಗಳಿಂದ ಅದರ ಗಟ್ಟಿ ಚೌಕಟ್ಟನ್ನು ಗಾಡಿಯ ನೆಲಕ್ಕೆ ಬಿಗಿಯಬೇಕು. ಚಕ್ರಕ್ಕಾಗಲಿ, ಕಳಚಬಹುದಾದ ಕೈಯೊರಗಿಗಾಗಲಿ ಕಟ್ಟಬಾರದು. ಇಷ್ಟಾದ ಮೇಲೂ ಕಟ್ಟಿದ್ದು ಕುರ್ಚಿಯನ್ನು ಮಾತ್ರ, ಕುಳಿತವರನ್ನಲ್ಲ. ಅವರಿಗೆ ಸೊಂಟಕ್ಕೂ ಭುಜಕ್ಕೂ ಬರುವ ಬೇರೆಯೇ ಬೆಲ್ಟ್ ಬೇಕು. ಕುರ್ಚಿ ಬಿಗಿಯುವ ಪಟ್ಟಿಗಳಿಗೆ ಐಎಸ್‌ಒ 10542, ವಾಹನದಲ್ಲಿ ಆಸನವಾಗಿ ಬಳಸುವ ಕುರ್ಚಿಗಳಿಗೆ ಐಎಸ್‌ಒ 7176-19 ಎಂಬ ಅಂತರರಾಷ್ಟ್ರೀಯ ಮಾನದಂಡಗಳೇ ಇವೆ. ಇದೆಲ್ಲ ನನಗೆ ತಿಳಿದದ್ದು ಕೈಯೊರಗಿಗೆ ಪಟ್ಟಿ ಬಿಗಿದು ಹೊರಟ ಒಂದು ದಿನ, ತಿರುವಿನಲ್ಲಿ ಅದು ಕಳಚಿಕೊಂಡು ಕುರ್ಚಿ ಒಂದು ಬದಿಗೆ ವಾಲಿದಾಗ. ಕುಳಿತಿದ್ದವರು ಕಿಟಕಿಯ ಸರಳು ಹಿಡಿದು ಉಳಿದುಕೊಂಡರು. ಆ ಸಂಜೆ ನಮ್ಮಲ್ಲಿಗೆ ಬರುವ ಫಿಸಿಯೊಥೆರಪಿಸ್ಟ್ ಒಬ್ಬರು ನೆಲದ ಮೇಲೆ ಕುಳಿತು, ಪಟ್ಟಿ ಎಲ್ಲಿ ಹಾಕಬೇಕೆಂದು ನನಗೆ ಒಂದೊಂದಾಗಿ ತೋರಿಸಿಕೊಟ್ಟರು. ಅದು ಅವರ ಕೆಲಸವಾಗಿರಲಿಲ್ಲ. ಇಳಿಜಾರಿನಲ್ಲಿ ಕುರ್ಚಿಯನ್ನು ಇಳಿಸುವಾಗ ಹಿಮ್ಮುಖವಾಗಿ, ನಾನು ಕೆಳಬದಿಯಲ್ಲಿದ್ದು ಇಳಿಸಬೇಕು ಎಂಬುದನ್ನೂ ಅಂದೇ ಕಲಿತೆ.

ಇನ್ನು ಓಡಿಸುವುದರ ಬಗ್ಗೆ. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಒಳ್ಳೆಯ ಚಾಲಕರಿಗೆ ಇದು ಗೊತ್ತು. ವ್ಯಾನಿನಲ್ಲಿ ಹಿಂದಿನ ಚಕ್ರಗಳ ಆಚೆಗಿರುವ ಕೊನೆಯ ಸಾಲು ಹೆಚ್ಚು ಕುಪ್ಪಳಿಸುತ್ತದೆ. ಮೂಳೆ ಟೊಳ್ಳಾದವರಿಗೆ ರಸ್ತೆಯುಬ್ಬಿನ ಒಂದು ಹೊಡೆತದಿಂದ ಬೆನ್ನೆಲುಬು ಬಿರುಕು ಬಿಡಬಹುದು. ಆದ್ದರಿಂದ ಅಂಥವರನ್ನು ಎರಡು ಚಕ್ರಸಾಲುಗಳ ನಡುವೆ ಕೂರಿಸಬೇಕು. ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಬೇಕು. ಎಡ ಎದೆಯಲ್ಲಿ ಹೊಸದಾಗಿ ಪೇಸ್‌ಮೇಕರ್ ಅಳವಡಿಸಿಕೊಂಡವರನ್ನು ಬಲಬದಿಯ ಸೀಟಿನಲ್ಲಿ ಕೂರಿಸಿದರೆ ಬೆಲ್ಟು ಬಲಭುಜದ ಮೇಲಿಂದ ಹಾದು ಗಾಯವನ್ನು ಒತ್ತುವುದಿಲ್ಲ. ವೋಲ್ವೊ ಕಂಪನಿಯ ಎಂಜಿನಿಯರ್ ನೀಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟು ಕಾರುಗಳಿಗೆ ಬಂದದ್ದು 1959ರಲ್ಲಿ. ಅಂದರೆ ನಮ್ಮ ಹಿರಿಯರಲ್ಲಿ ಹಲವರು ಅದಕ್ಕಿಂತ ಮೊದಲೇ ಹುಟ್ಟಿದವರು, ಬೆಲ್ಟಿಲ್ಲದೆ ಬದುಕಿ ಬಂದವರು. “ನಮಗೆಲ್ಲ ಇದು ಬೇಕಿರಲಿಲ್ಲಪ್ಪ” ಎಂದು ಅವರು ಹೇಳುವಾಗ ನಾನು ವಾದಿಸುವುದಿಲ್ಲ, ಕೊಕ್ಕೆ ಸಿಕ್ಕಿಸುವವರೆಗೆ ಗಾಡಿ ಚಾಲೂ ಮಾಡುವುದಿಲ್ಲ, ಅಷ್ಟೆ.

ಮೇಲೆ ಹೇಳಿದ್ದೆಲ್ಲ ದೇಹದ ಮಾತಾಯಿತು. ಈ ಕೆಲಸದಲ್ಲಿ ನನಗೆ ಹೆಚ್ಚು ಕಷ್ಟವೆನಿಸಿದ್ದು ಬೇರೊಂದು. ನಮ್ಮ ನಿವಾಸಿಗಳಲ್ಲಿ ಅನೇಕರು ಮೂವತ್ತು, ನಲವತ್ತು ವರ್ಷ ತಾವೇ ಕಾರು ಓಡಿಸಿದವರು. ಅರವತ್ತರ ಕಣ್ಣಿನ ಪರದೆಗೆ ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ತಲುಪುತ್ತದೆ ಎನ್ನುತ್ತಾರೆ. ಕಣ್ಣಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದರೆ ದೃಷ್ಟಿ ಮರಳಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಮೊದಲು ರಾತ್ರಿ ಓಡಿಸುವುದನ್ನು ಬಿಡುತ್ತಾರೆ, ಆಮೇಲೆ ಮಳೆಯಲ್ಲಿ, ಆಮೇಲೆ ಹೊಸ ರಸ್ತೆಗಳಲ್ಲಿ. ಕೊನೆಗೊಂದು ದಿನ ಮಕ್ಕಳಲ್ಲೊಬ್ಬರು ಬಂದು ಕೀಲಿಕೈ ತೆಗೆದುಕೊಂಡು ಹೋಗುತ್ತಾರೆ. ಅವರು ಕಳೆದುಕೊಂಡದ್ದು ಕಾರನ್ನಲ್ಲ, ಯಾರಿಗೂ ಹೇಳದೆ ಎದ್ದು ಹೊರಡುವ ಸ್ವಾತಂತ್ರ್ಯವನ್ನು. ಆ ದಿನದಿಂದ ಅವರ ಪ್ರತಿಯೊಂದು ಹೊರಡುವಿಕೆಗೂ ಒಂದು ಅರ್ಜಿ, ಒಂದು ಕಾರಣ, ಒಂದು ಹೊತ್ತು ಬೇಕು. ಆ ಕೋಪವೆಲ್ಲ ಅವರ ಜಾಗದಲ್ಲಿ ಕುಳಿತ ನನ್ನ ಮೇಲೆ ತಿರುಗಿದರೆ ಅದು ಸಹಜ.

ನನ್ನ ಪಕ್ಕದ ಸೀಟಿನಲ್ಲೇ ಕೂರಬೇಕೆಂದು ಹಟ ಹಿಡಿಯುವ ಹಿರಿಯರೊಬ್ಬರಿದ್ದಾರೆ. ನಾನು ತಿರುವು ತೆಗೆದುಕೊಳ್ಳುವ ಮೊದಲೇ ಅವರ ಕಣ್ಣು ಪಕ್ಕದ ಕನ್ನಡಿಗೆ ಹೋಗುತ್ತದೆ. ಎದುರಿಗೆ ಯಾರಾದರೂ ಅಡ್ಡ ಬಂದರೆ, ಬ್ರೇಕೇ ಇಲ್ಲದ ಆ ಜಾಗದಲ್ಲಿ ಅವರ ಬಲಗಾಲು ನೆಲವನ್ನು ಒತ್ತುತ್ತದೆ. ನನ್ನ ಕಾಲಿಗಿಂತ ಅವರ ಕಾಲು ಅರ್ಧ ಕ್ಷಣ ಮುಂದು ಎಂದು ಎಷ್ಟೋ ಸಲ ಅನ್ನಿಸಿದೆ, ಆದರೆ ಅದು ಊಹೆಯ ಬ್ರೇಕು, ಊಹೆಯಲ್ಲಿ ಎಲ್ಲರೂ ಬೇಗ. ಒಮ್ಮೆ ರಿವರ್ಸ್ ತೆಗೆಯುವಾಗ ನಾನು ಸುಮ್ಮನೆ “ಸರ್, ಆ ಕಡೆ ಸ್ವಲ್ಪ ನೋಡಿಕೊಳ್ಳಿ” ಎಂದೆ. ಅವರು ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ, “ಬಾ, ಬಾ, ಬಾ, ನಿಲ್ಲು!” ಎಂದು ಕೂಗಿದರು. ಅಂದಿನಿಂದ ರಿವರ್ಸ್ ತೆಗೆಯುವ ಹೊಣೆ ಅರ್ಧ ಅವರದು. ನನಗೆ ಕ್ಯಾಮೆರಾ ಇದೆ, ಅವರ ಸಹಾಯದ ಅಗತ್ಯವಿಲ್ಲ ಎಂಬುದು ನಿಜ. ಅವರಿಗೂ ಅದು ಗೊತ್ತು ಎಂಬುದು ನನ್ನ ಅನುಮಾನ.

ಮರೆವಿನ ಕಾಯಿಲೆ ಇರುವವರೊಡನೆ ಬೇರೆಯದೇ ಎಚ್ಚರ ಬೇಕು. ತಾಯಿಯೊಬ್ಬರು ಗಾಡಿ ಹತ್ತಿದ ಕೂಡಲೇ, ಎಂದೋ ನಿವೃತ್ತರಾದ ತಮ್ಮ ಕಚೇರಿಗೆ ಹೋಗಬೇಕೆನ್ನುತ್ತಾರೆ. ಮೊದಮೊದಲು ನಾನು “ಅಮ್ಮಾ, ನೀವು ನಿವೃತ್ತರಾಗಿದ್ದೀರಿ” ಎಂದು ಸತ್ಯ ಹೇಳಿ, ಅವರು ಪ್ರತಿ ಸಲವೂ ಹೊಸದಾಗಿ ಆಘಾತಗೊಳ್ಳುವುದನ್ನು ಕಂಡಿದ್ದೇನೆ. ಈಗ “ಅಲ್ಲಿ ನಿಮ್ಮ ಕೆಲಸ ಏನಮ್ಮಾ?” ಎಂದು ಕೇಳುತ್ತೇನೆ, ಕಡತಗಳ ಬಗ್ಗೆ, ಮೇಲಧಿಕಾರಿಯ ಬಗ್ಗೆ ಅವರು ಹೇಳಿ ಮುಗಿಸುವಷ್ಟರಲ್ಲಿ ಆಸ್ಪತ್ರೆ ಬಂದಿರುತ್ತದೆ. ಇಂಥವರನ್ನು ‘ಗೇಟಿನವರೆಗೆ ಬಿಡುವುದು’ ಎಂಬ ಮಾತೇ ಇರಬಾರದು. ಹಿಂದೊಮ್ಮೆ ಬೇರೆ ಚಾಲಕರೊಬ್ಬರು ನಿಯಮದಂತೆ ಆಸ್ಪತ್ರೆಯ ಬಾಗಿಲಲ್ಲಿ ಹಿರಿಯರೊಬ್ಬರನ್ನು ಇಳಿಸಿ ಮುಂದಿನ ಟ್ರಿಪ್ಪಿಗೆ ಹೊರಟರು; ಆ ಹಿರಿಯರು ಒಂದು ಬಾಗಿಲಿನಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬಂದು, ಎರಡು ಗಂಟೆಯ ಬಳಿಕ ಪಕ್ಕದ ಕಟ್ಟಡದ ಮೆಟ್ಟಿಲ ಮೇಲೆ ಸಿಕ್ಕಿದರು. ನಿಯಮ ಬರೆದವರನ್ನು ಯಾರೂ ಕೇಳಲಿಲ್ಲ, ಚಾಲಕ ಕೆಲಸ ಕಳೆದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಹೆಸರು ಕೇಳಿ ಒಪ್ಪಿಸಬೇಕು. ‘ಒಂದೇ ನಿಮಿಷ’ ಎಂದು ಅವರನ್ನು ಮುಚ್ಚಿದ ಗಾಡಿಯಲ್ಲಿ ಬಿಟ್ಟು ಹೋಗಬಾರದು. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಕೆಲವೇ ನಿಮಿಷಗಳಲ್ಲಿ ಶಾಖ ಏರುತ್ತದೆ, ವಯಸ್ಸಾದ ದೇಹಕ್ಕೆ ಬಾಯಾರಿಕೆ ತಿಳಿಯುವುದೂ ತಡ, ಬೆವರುವುದೂ ಕಡಿಮೆ.

ಸಂಪಾದಕರೇ, ಚಾಲಕನಿಗೆ ತಿಳಿಸುವುದು ಬಹಳ ಕಡಿಮೆ, ಆದರೆ ಅವನ ಕಿವಿಗೆ ಬೀಳುವುದು ಬಹಳ ಹೆಚ್ಚು. ಹಿಂದಿನ ಸೀಟಿನಲ್ಲಿ ನಡೆಯುವ ಆಸ್ತಿಯ ಮಾತು, ಮಗ ಫೋನ್ ಎತ್ತದ ಬೇಸರ, ವೈದ್ಯರು ಹೇಳಿದ್ದನ್ನು ಮನೆಯವರಿಂದ ಮುಚ್ಚಿಟ್ಟ ಸಂಗತಿ ಎಲ್ಲವೂ ನನಗೆ ಗೊತ್ತು, ಅವನ್ನು ಹೊತ್ತುಕೊಂಡು ಬಾಯಿ ಮುಚ್ಚಿಕೊಂಡಿರುವುದೂ ಕೆಲಸದ ಭಾಗವೇ. ಗೊತ್ತಿರಬೇಕಾದದ್ದು ಮಾತ್ರ ಗೊತ್ತಿರುವುದಿಲ್ಲ: ಈ ಹಿರಿಯರಿಗೆ ಸಕ್ಕರೆ ಕಾಯಿಲೆ ಇದೆಯೇ, ಯಾವ ಕಿವಿ ಕೇಳಿಸುತ್ತದೆ, ತುರ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು. ಆಸ್ಪತ್ರೆಯಲ್ಲಿ ಬಹಳ ಹೊತ್ತು ಕಾದು, ಹೊತ್ತಿಗೆ ಸರಿಯಾಗಿ ತಿನ್ನದೆ ಮರಳುವಾಗ ಒಬ್ಬರಿಗೆ ಕೈ ನಡುಗಿ, ಬೆವರಿ, ಮಾತು ಅಸಂಬದ್ಧವಾಗುತ್ತಾ ಬಂತು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ನುಂಗುವ ಸ್ಥಿತಿಯಲ್ಲಿರುವವರಿಗೆ ಸುಮಾರು 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು ಎಂಬುದು ನನಗೆ ಅಷ್ಟು ಹೊತ್ತಿಗೆ ತಿಳಿದಿತ್ತು, ಪುಡಿಯ ಪೊಟ್ಟಣವೂ ಗಾಡಿಯಲ್ಲಿತ್ತು. ಆದರೆ ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದದ್ದು ಅವರ ಚೀಲದಲ್ಲಿದ್ದ ಮಾತ್ರೆಯ ಚೀಟಿಯಿಂದ. ಪಾರ್ಶ್ವವಾಯುವಿನ ವಿಷಯವೂ ಹಾಗೆಯೇ. ಮುಖ ಒಂದು ಬದಿಗೆ ಜೋತರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಒಡನೆಯೇ ಆಂಬುಲೆನ್ಸ್ ಕರೆಯಬೇಕು, ಮತ್ತು ಅವರು ಕೊನೆಯ ಬಾರಿ ಸರಿಯಾಗಿದ್ದ ಹೊತ್ತನ್ನು ನೆನಪಿಡಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಪ್ರಯಾಣದಲ್ಲಿದ್ದಾಗ ಆ ಹೊತ್ತನ್ನು ಬಲ್ಲವನು ಚಾಲಕನೊಬ್ಬನೇ. ಇಡೀ ವೈದ್ಯಕೀಯ ಕಡತ ನನಗೆ ಬೇಡ. ಅಂಗೈ ಅಗಲದ ಒಂದು ಚೀಟಿಯಲ್ಲಿ, ಆ ನಿವಾಸಿಯ ಒಪ್ಪಿಗೆ ಪಡೆದು, ನಾಲ್ಕು ಸಾಲು ಬರೆದುಕೊಟ್ಟರೆ ಸಾಕು.

ವಾಹನ ಕಡಿಮೆ ಬಿದ್ದ ದಿನ ಮೊದಲು ರದ್ದಾಗುವುದು ವೈದ್ಯಕೀಯವಲ್ಲದ ಟ್ರಿಪ್ಪುಗಳು. ಇದರಲ್ಲಿ ತಪ್ಪೇನಿದೆ ಎಂದು ಓದುಗರಿಗೆ ಅನ್ನಿಸಬಹುದು, ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಆಸ್ಪತ್ರೆಗೆ ಹೊರಟವರು ಸಿಕ್ಕ ಬಟ್ಟೆ ತೊಟ್ಟು ಬರುತ್ತಾರೆ. ಗ್ರಂಥಾಲಯಕ್ಕೆ, ಗೆಳತಿಯ ಮನೆಗೆ, ಬ್ಯಾಂಕಿಗೆ ಹೊರಟವರು ಹಿಂದಿನ ದಿನವೇ ಇಸ್ತ್ರಿ ಮಾಡಿಸಿಟ್ಟುಕೊಂಡು, ಹೇಳಿದ ಹೊತ್ತಿಗೆ ಅರ್ಧ ಗಂಟೆ ಮೊದಲೇ ಬಂದು ಮೊಗಸಾಲೆಯಲ್ಲಿ ಕುಳಿತಿರುತ್ತಾರೆ. ಹಾಗೆ ಸಿದ್ಧವಾಗಿ ಕುಳಿತವರ ಬಳಿ ಹೋಗಿ “ಇವತ್ತು ಗಾಡಿ ಇಲ್ಲಮ್ಮ” ಎಂದು ಹೇಳುವ ಕೆಲಸವನ್ನು ಕಚೇರಿಯವರು ನನಗೇ ವಹಿಸುತ್ತಾರೆ. ನಮ್ಮಲ್ಲಿರುವ ನಿವೃತ್ತ ವಕೀಲರೊಬ್ಬರು ಇದನ್ನು ನೋಡಿ, 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 20ನೆಯ ವಿಧಿಯನ್ನು ನನಗೆ ವಿವರಿಸಿದರು. ವ್ಯಕ್ತಿಯು ತಾನು ಬಯಸಿದ ರೀತಿಯಲ್ಲಿ, ತಾನು ಬಯಸಿದ ಹೊತ್ತಿನಲ್ಲಿ, ಕೈಗೆಟಕುವ ವೆಚ್ಚದಲ್ಲಿ ಓಡಾಡಲು ಅನುಕೂಲ ಕಲ್ಪಿಸಬೇಕೆಂದು ಅದರಲ್ಲಿದೆಯಂತೆ. ‘ತಾನು ಬಯಸಿದ ಹೊತ್ತಿನಲ್ಲಿ’ ಎಂಬ ಮಾತನ್ನು ಅವರು ಎರಡು ಸಲ ಹೇಳಿ, ನನ್ನ ಕೈಯಲ್ಲಿದ್ದ ಟ್ರಿಪ್ ಶೀಟನ್ನು ನೋಡಿ ನಕ್ಕರು.

ವ್ಯವಸ್ಥಾಪಕರ ಕಡೆಯ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಎರಡು ಗಾಡಿ, ಮೂವರು ಚಾಲಕರು, ನೂರಕ್ಕೂ ಹೆಚ್ಚು ಜನ. ಎಲ್ಲರಿಗೂ ಬೆಳಗ್ಗೆ ಹತ್ತು ಗಂಟೆಯೇ ಬೇಕು. ಚಾಲಕರಲ್ಲೂ ಎಲ್ಲರೂ ಸಾಚಾ ಎಂದು ನಾನು ಹೇಳಲಾರೆ: ಹಿರಿಯರು ಬಾಗಿಲ ಬಳಿ ತಡಕಾಡುತ್ತಿದ್ದರೆ ಸೀಟಿನಲ್ಲೇ ಕುಳಿತು ಹಾರ್ನ್ ಹೊಡೆಯುವವರನ್ನು ನಾನೇ ಕಂಡಿದ್ದೇನೆ. ಆದರೆ ಟ್ರಿಪ್ಪಿಗಿಷ್ಟು ಎಂದು ಕೂಲಿ ನಿಗದಿ ಮಾಡಿ, ಗುತ್ತಿಗೆಯ ಮೂಲಕ ಆರು ತಿಂಗಳಿಗೊಮ್ಮೆ ಚಾಲಕರನ್ನು ಬದಲಿಸಿ, ಆಮೇಲೆ ತಾಳ್ಮೆ ಇಲ್ಲ ಎಂದು ದೂರುವುದು ಯಾವ ನ್ಯಾಯ? ಹೊಸ ಚಾಲಕ ಬಂದಾಗಲೆಲ್ಲ ಯಾವ ಮಂಡಿ ಬಾಗುವುದಿಲ್ಲ, ಯಾವ ತೋಳು ಮುಟ್ಟಬಾರದು ಎಂಬುದನ್ನು ಹಿರಿಯರು ಮತ್ತೆ ಮೊದಲಿನಿಂದ, ಅಪರಿಚಿತನೆದುರು ಒಪ್ಪಿಸಬೇಕು. ಓಡಿಸುವಾಗ ಮೊಬೈಲ್ ಬಳಸಬಾರದು ಎಂಬ ನಿಯಮದ ಚೀಟಿಯನ್ನು ಸ್ಟೇರಿಂಗ್ ಪಕ್ಕದಲ್ಲೇ ಅಂಟಿಸಿದ್ದಾರೆ. ಎಲ್ಲಿದ್ದೀಯ, ಎಷ್ಟೊತ್ತಾಗುತ್ತದೆ ಎಂದು ದಾರಿಯುದ್ದಕ್ಕೂ ಫೋನ್ ಮಾಡುವವರು ಆ ಚೀಟಿ ಅಂಟಿಸಿದವರೇ.

2030ರ ವೇಳೆಗೆ ಜಗತ್ತಿನ 6 ಜನರಲ್ಲಿ ಒಬ್ಬರು 60 ದಾಟಿದವರಾಗಿರುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 2021ರಿಂದ 2030ರವರೆಗಿನ ಅವಧಿಯನ್ನು ವಿಶ್ವಸಂಸ್ಥೆ ಆರೋಗ್ಯಕರ ವೃದ್ಧಾಪ್ಯದ ದಶಕವೆಂದು ಘೋಷಿಸಿಯೂ ಆಗಿದೆ. ಅಷ್ಟು ದೊಡ್ಡ ಮಾತಿನ ನಡುವೆ ನನ್ನ ಬೇಡಿಕೆ ಬಹಳ ಸಣ್ಣದು. ಚಾಲಕರನ್ನು ಕೆಲಸಕ್ಕೆ ಸೇರಿಸಿಕೊಂಡ ಮೊದಲ ವಾರದಲ್ಲೇ ಪ್ರಥಮ ಚಿಕಿತ್ಸೆಯನ್ನೂ, ಗಾಲಿಕುರ್ಚಿ ಬಿಗಿಯುವುದನ್ನೂ, ಕೂರಿಸಿ ಎಬ್ಬಿಸುವುದನ್ನೂ ತಿಳಿದವರಿಂದ ಕಲಿಸಲಿ, ಕಾಯುವ ಹೊತ್ತಿಗೂ ಸಂಬಳವಿರಲಿ. ಅದೆಲ್ಲ ನಾಳೆಯೇ ಆಗದು ಎಂದಾದರೆ, ನಾಳೆಯೇ ಆಗುವಂಥದ್ದೊಂದಿದೆ. ಟ್ರಿಪ್ ಶೀಟಿನಲ್ಲಿ ‘ಹೊರಟ ಸಮಯ’ ಮತ್ತು ‘ತಲುಪಿದ ಸಮಯ’ದ ಪಕ್ಕದಲ್ಲಿ ‘ಹತ್ತಿಸಲು ಹಿಡಿದ ಸಮಯ’, ‘ಇಳಿಸಲು ಹಿಡಿದ ಸಮಯ’ ಎಂಬ ಎರಡು ಕಾಲಂ ಹೆಚ್ಚಿಗೆ ಮುದ್ರಿಸಬಹುದು. ಹೋದ ತಿಂಗಳು ನಾನೇ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಆ ಎರಡು ಗೆರೆ ಎಳೆದು, ತುಂಬಿ ಕೊಟ್ಟಿದ್ದೆ. ಅಂಕಿಗಳನ್ನು ಟೀಚರಮ್ಮನವರೇ ಕೂಡಿ ನೋಡಿ ಸರಿಯಿದೆ ಎಂದಿದ್ದರು. ಅಧಿಕೃತ ನಮೂನೆಯ ಮೇಲೆ ಗೀಚಬಾರದು ಎಂಬ ಷರಾದೊಂದಿಗೆ ಕಚೇರಿಯಿಂದ ಅದು ನನಗೆ ವಾಪಸು ಬಂದಿದೆ.

ಇಂತಿ ತಮ್ಮ ವಿಶ್ವಾಸಿ,
ಹಿರಿಯರ ವಸತಿ ಸಮುಚ್ಚಯವೊಂದರ ವಾಹನ ಚಾಲಕ